ಬಸ್ಸಿನಲ್ಲಿ ಕಳೆದ ರಾತ್ರಿಗೂ ಲೆಕ್ಕ ಬೇಕು

ಕೆನಡಾದಲ್ಲಿ ಮಾರ್ಚ್ ತಿಂಗಳು ಮುಗಿಯುತ್ತಾ ಬಂದಂತೆ ಜೂನಿಯರ್ ಐಸ್ ಹಾಕಿಯ ಪ್ಲೇಆಫ್ ಕಾವೇರುತ್ತದೆ. ವೆಸ್ಟರ್ನ್, ಒಂಟಾರಿಯೊ, ಕ್ವಿಬೆಕ್ ಮ್ಯಾರಿಟೈಮ್ಸ್ ಎಂಬ ಮೂರು ಪ್ರಮುಖ ಲೀಗ್‌ಗಳಲ್ಲಿ ಆಡುವವರು ಬಹುತೇಕ 16ರಿಂದ 20 ವರ್ಷದ ಹುಡುಗರು; ಹಲವರು ಇನ್ನೂ ಹೈಸ್ಕೂಲು ಮುಗಿಸಿರುವುದಿಲ್ಲ. ಅರವತ್ತಕ್ಕೂ ಹೆಚ್ಚು ಲೀಗ್ ಪಂದ್ಯಗಳಲ್ಲಿ ದಣಿದ ಮೇಲೆ ಏಳು ಪಂದ್ಯಗಳ ಸರಣಿಗಳು ಎದುರಾಗುತ್ತವೆ. ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ. ನಾಲ್ಕು ಸುತ್ತು ದಾಟಿ ಪ್ರಶಸ್ತಿ ಎತ್ತುವ ತಂಡ 28 ಪಂದ್ಯಗಳವರೆಗೂ ಆಡಬೇಕಾಗಬಹುದು. ಇಂಥ ಸರಣಿಯ ವೇಳಾಪಟ್ಟಿ ನ್ಯಾಯವಾಗಿದೆಯೇ ಎಂಬ ಚರ್ಚೆ ಬಂದಾಗಲೆಲ್ಲ ಮಾತು ಒಂದೇ ಕಡೆ ತಿರುಗುತ್ತದೆ: ತವರಿನ ಪಂದ್ಯ ಯಾರಿಗೆ, ಯಾವ ಕ್ರಮದಲ್ಲಿ? ನನ್ನ ಪ್ರಕಾರ ಈ ಪ್ರಶ್ನೆಗೆ ಸಿಗಬೇಕಾದ್ದಕ್ಕಿಂತ ಹೆಚ್ಚು ಮಹತ್ವ ಸಿಕ್ಕಿದೆ. ಹುಡುಗರ ವಿಶ್ರಾಂತಿ ಮತ್ತು ಪ್ರಯಾಣವೇ ವೇಳಾಪಟ್ಟಿಯ ನ್ಯಾಯಕ್ಕೆ ಮೊದಲ ಅಳತೆಗೋಲಾಗಬೇಕು.

ಬಳಕೆಯಲ್ಲಿರುವ ಕ್ರಮಗಳು ಮುಖ್ಯವಾಗಿ ಎರಡು. ಮೊದಲನೆಯದು 2-2-1-1-1: ಲೀಗ್ ಹಂತದಲ್ಲಿ ಮೇಲಿದ್ದ ತಂಡದ ಊರಿನಲ್ಲಿ ಎರಡು, ಎದುರಾಳಿಯ ಊರಿನಲ್ಲಿ ಎರಡು, ಆಮೇಲೆ ಒಂದೊಂದಾಗಿ ಅದಲುಬದಲು. ಎರಡನೆಯದು 2-3-2. ಎರಡರಲ್ಲೂ ಮೇಲಿನ ತಂಡಕ್ಕೆ ತವರಿನ ಪಂದ್ಯಗಳು ನಾಲ್ಕೇ. ನಡುವೆ ಮೂರು ಪಂದ್ಯ ಸತತವಾಗಿ ಎದುರಾಳಿಯ ಅಂಗಣದಲ್ಲಿ ನಡೆದರೆ ಮೇಲಿನ ತಂಡದ ಅನುಕೂಲ ಕರಗುತ್ತದೆ ಎಂಬುದು ದೊಡ್ಡ ಆಕ್ಷೇಪ. ಇದಕ್ಕೆ ಸರಳ ಗಣಿತವೇ ಉತ್ತರ. ಸರಣಿ ನಿರ್ಧಾರವಾದ ಮೇಲೂ ಉಳಿದ ಪಂದ್ಯಗಳನ್ನು ಆಡಿ ಏಳನ್ನೂ ಮುಗಿಸಿದರು ಎಂದುಕೊಳ್ಳಿ. ನಾಲ್ಕು ಗೆದ್ದವರು ಆಗಲೂ ಅವರೇ. ಪಂದ್ಯ ಗೆಲ್ಲುವ ಸಂಭವ ಅಂಗಣವನ್ನಷ್ಟೇ ಅವಲಂಬಿಸಿದ್ದರೆ ಯಾವ ಪಂದ್ಯ ಮೊದಲು, ಯಾವುದು ಆಮೇಲೆ ಎಂಬುದರಿಂದ ಸರಣಿ ಗೆಲ್ಲುವ ಸಂಭವ ಬದಲಾಗದು. ಮನಸ್ಸಿನ ಒತ್ತಡ ಈ ಲೆಕ್ಕಕ್ಕೆ ಸಿಗುವುದಿಲ್ಲ ಎನ್ನಬಹುದು, ನಿಜ. ದೇಹದ ದಣಿವೂ ಇದಕ್ಕೆ ಸಿಗುವುದಿಲ್ಲ. ಆದರೆ ಒತ್ತಡ ಯಾರ ಕಡೆ ವಾಲೀತು ಎಂದು ಮೊದಲೇ ಹೇಳಲಾಗದು, ದಣಿವು ಮಾತ್ರ ಖಚಿತ.

ಆ ದಣಿವಿನ ಪ್ರಮಾಣ ತಿಳಿಯಲು ಭೂಪಟ ನೋಡಿದರೆ ಸಾಕು. ವೆಸ್ಟರ್ನ್ ಲೀಗ್ ಕೆನಡಾದ ನಾಲ್ಕು ಪ್ರಾಂತ್ಯಗಳಿಗೂ ಅಮೆರಿಕದ ಎರಡು ರಾಜ್ಯಗಳಿಗೂ ಹರಡಿದೆ. ವಿಕ್ಟೋರಿಯಾ ತಂಡ ಇರುವುದು ದ್ವೀಪದಲ್ಲಿ. ಪ್ರಿನ್ಸ್ ಜಾರ್ಜ್‌ಗೆ ಹೋಗಬೇಕೆಂದರೆ ಮೊದಲು ಸುಮಾರು ಒಂದೂವರೆ ಗಂಟೆ ಹಡಗು, ಆಮೇಲೆ ರಸ್ತೆಯಲ್ಲಿ ಸುಮಾರು 800 ಕಿ.ಮೀ. ಸರಣಿ ಏಳನೇ ಪಂದ್ಯದವರೆಗೆ ಎಳೆದರೆ 2-2-1-1-1ರಲ್ಲಿ ನಾಲ್ಕು ಸಲ ಊರು ಬದಲಾಗುತ್ತದೆ, 2-3-2ರಲ್ಲಿ ಎರಡೇ ಸಲ. ಇದರ ಜೊತೆಗೆ ಪ್ಲೇಆಫ್ ಪಂದ್ಯ ಸಮವಾದರೆ ಗೋಲು ಬೀಳುವವರೆಗೂ 20 ನಿಮಿಷಗಳ ಹೆಚ್ಚುವರಿ ಅವಧಿಗಳು ಮುಂದುವರಿಯುತ್ತವೆ. 2017ರಲ್ಲಿ ವಿಕ್ಟೋರಿಯಾ ಮತ್ತು ಎವರೆಟ್ ನಡುವಿನ ಪಂದ್ಯ ಮುಗಿದದ್ದು ಐದನೇ ಹೆಚ್ಚುವರಿ ಅವಧಿಯಲ್ಲಿ. ಅಂಥ ರಾತ್ರಿಯ ಮರುದಿನವೇ ಇನ್ನೊಂದು ಊರಿನಲ್ಲಿ ಆಡಿ ಎನ್ನುವ ವೇಳಾಪಟ್ಟಿ ಯಾವ ಕ್ರಮದಲ್ಲಿದ್ದರೂ ನ್ಯಾಯವಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 1985ರಿಂದ ಫೈನಲ್‌ನಲ್ಲಿ ಬಳಸುತ್ತಿದ್ದ 2-3-2 ಕ್ರಮವನ್ನು 2014ರಲ್ಲಿ ಕೈಬಿಟ್ಟಿತಲ್ಲ ಎಂದು ಕೆಲವರು ಕೇಳಬಹುದು. ಅಲ್ಲಿನ ಆಟಗಾರರು ಬಾಡಿಗೆ ವಿಮಾನದಲ್ಲಿ ಓಡಾಡುವ ವೃತ್ತಿಪರರು. ಇಲ್ಲಿನ ಹುಡುಗರದ್ದು ಹೆಚ್ಚಾಗಿ ಬಸ್ಸು. 2018ರ ಏಪ್ರಿಲ್ 6ರಂದು ಸಸ್ಕಾಚೆವಾನ್‌ನಲ್ಲಿ ಹಂಬೋಲ್ಟ್ ಬ್ರಾಂಕೋಸ್ ಎಂಬ ಜೂನಿಯರ್ ತಂಡ ಪ್ಲೇಆಫ್ ಪಂದ್ಯಕ್ಕೆ ಹೊರಟಿದ್ದಾಗ ಅದರ ಬಸ್ಸು ಲಾರಿಗೆ ಡಿಕ್ಕಿಯಾಗಿ 16 ಮಂದಿ ಸತ್ತರು, 13 ಮಂದಿ ಗಾಯಗೊಂಡರು. ಅಡ್ಡರಸ್ತೆಯಲ್ಲಿ ನಿಲ್ಲದೆ ನುಗ್ಗಿದ್ದು ಲಾರಿ. ಆ ದುರಂತದ ಹೊಣೆಯನ್ನು ವೇಳಾಪಟ್ಟಿಯ ಮೇಲೆ ಹೊರಿಸುವುದು ತಪ್ಪು. ಆದರೆ ಈ ಆಟದಲ್ಲಿ ಪ್ರತಿ ಪ್ರಯಾಣವೂ ಮಕ್ಕಳನ್ನು ಹೆದ್ದಾರಿಗೆ ಇಳಿಸುವ ನಿರ್ಧಾರ ಎಂಬುದನ್ನು ಅದರ ನಂತರ ಯಾರೂ ಮರೆಯುವಂತಿಲ್ಲ. ಬಸ್ಸಿನ ದಣಿವು ಎರಡೂ ತಂಡಗಳಿಗೆ ಸಮಾನವಲ್ಲವೇ ಎಂಬ ವಾದವೂ ಇದೆ. ಸಮಾನ ನಿಜ. ಆದರೆ ಎದುರಾಳಿಗೂ ನಿದ್ದೆಯಿಲ್ಲ ಎಂದ ಮಾತ್ರಕ್ಕೆ ಹದಿನೇಳರ ಹುಡುಗನಿಗೆ ನಿದ್ದೆ ತಪ್ಪಿಸಿದ್ದು ನ್ಯಾಯವಾಗುವುದಿಲ್ಲ. ತಂಡಗಳ ನಡುವಿನ ನ್ಯಾಯ ಒಂದು, ಆಡಿಸುವವರು ಆಡುವವರಿಗೆ ಸಲ್ಲಿಸಬೇಕಾದ ನ್ಯಾಯ ಇನ್ನೊಂದು.

ಗಟ್ಟಿಯಾದ ಆಕ್ಷೇಪಗಳು ಹಣ ಮತ್ತು ಶಾಲೆಯವು. 2-3-2ರಲ್ಲಿ ಸರಣಿ ಐದೇ ಪಂದ್ಯಕ್ಕೆ ಮುಗಿದರೆ ಮೇಲಿನ ತಂಡಕ್ಕೆ ಎರಡೇ ಪಂದ್ಯಗಳ ಟಿಕೆಟ್ ಹಣ, ಕೆಳಗಿನ ತಂಡಕ್ಕೆ ಮೂರರದ್ದು. ಸಣ್ಣ ಊರಿನ ತಂಡಕ್ಕೆ ಇದು ಚಿಲ್ಲರೆ ನಷ್ಟವಲ್ಲ. ಸರಣಿಯ ಟಿಕೆಟ್ ಆದಾಯವನ್ನು ಒಟ್ಟುಗೂಡಿಸಿ ಇಬ್ಬರಿಗೂ ಹಂಚಿದರೆ ಈ ನಷ್ಟ ತುಂಬಿಹೋಗುತ್ತದೆ. ಒಂದೇ ಊರಿನಲ್ಲಿ ಮೂರು ಪಂದ್ಯವೆಂದರೆ ಭೇಟಿ ತಂಡದ ಹುಡುಗರಿಗೆ ಸತತ ಹಲವು ದಿನ ತರಗತಿ ತಪ್ಪುತ್ತದೆ ಎಂಬುದೂ ಸರಿಯೇ. ಆದರೆ ತಂಗಿದ ಕಡೆ ಬೆಳಿಗ್ಗೆ ಪಾಠ ಹೇಳಿಸಬಹುದು. ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಿ ಬಂದವನು ತರಗತಿಯಲ್ಲಿ ಕೂತರೂ ಕಲಿಯಲಾರ.

ಆದ್ದರಿಂದ ನಿಯಮ ಹೀಗಿರಲಿ. ಹತ್ತಿರದ ಊರುಗಳ ನಡುವೆ 2-2-1-1-1, ದೂರದ ಊರುಗಳ ನಡುವೆ 2-3-2. ಎಷ್ಟು ಕಿಲೋಮೀಟರ್ ಎಂದರೆ ದೂರ ಎಂಬುದು ಋತು ಶುರುವಾಗುವ ಮೊದಲೇ ಗೊತ್ತಿರಲಿ. ದೂರದ ಪ್ರಯಾಣದಲ್ಲಿ ಊರು ಬದಲಾದಾಗಲೆಲ್ಲ ನಡುವೆ ಪೂರ್ತಿ ಒಂದು ದಿನ ಬಿಡುವು, ಸತತ ಮೂರು ರಾತ್ರಿ ಪಂದ್ಯ ಎಂದಿಗೂ ಬೇಡ. ಅಂಗಣದಲ್ಲಿ ಸಂಗೀತ ಕಚೇರಿಯೋ ಮೇಳವೋ ಮೊದಲೇ ನಿಗದಿಯಾಗಿದ್ದರೆ ಪಂದ್ಯವನ್ನು ಮುಂದಕ್ಕೆ ಹಾಕಲಿ, ಹುಡುಗರ ಬಿಡುವಿನ ದಿನವನ್ನು ಕಸಿಯುವುದು ಬೇಡ. ಹೀಗೆ ಮಾಡಿದರೆ ಕೆಲವು ಸರಣಿಗಳು ಎರಡು ಮೂರು ದಿನ ಹೆಚ್ಚು ಎಳೆಯಬಹುದು. ಏಳನೇ ಪಂದ್ಯಕ್ಕೆ ಇಳಿಯುವ ಎರಡೂ ತಂಡಗಳ ಕಾಲಲ್ಲಿ ಆಡುವ ಕಸುವು ಉಳಿದಿರಬೇಕಾದರೆ ಅಷ್ಟು ದಿನ ಕೊಡಲೇಬೇಕು.