275 ಎಲ್ಲಿ ಮುಗಿಯುತ್ತದೆ?

ಹಾರಂಗಿಗೆ ಬರುವ ರಸ್ತೆ ಎಲ್ಲಿ ಮುಗಿಯುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ: ಅಣೆಕಟ್ಟೆಯ ಗೇಟಿನ ಹತ್ತಿರ. ಆದರೆ ಕುಶಾಲನಗರದ ಮಧ್ಯೆ ಹಾದುಹೋಗುವ ಹೆದ್ದಾರಿಯ ತುದಿಗಳು ಎಲ್ಲಿವೆ? ತರಗತಿಯಲ್ಲಿ ಕೇಳಿದರೆ ‘ಮೈಸೂರು, ಮಂಗಳೂರು’ ಎನ್ನುತ್ತಾರೆ. ಎರಡೂ ಅಲ್ಲ. ರಾಷ್ಟ್ರೀಯ ಹೆದ್ದಾರಿ 275ರ ಒಂದು ತುದಿ ಬೆಂಗಳೂರು. ಇನ್ನೊಂದು ತುದಿ ಬಂಟ್ವಾಳ ತಾಲ್ಲೂಕಿನ ಮಾಣಿ. ಅಲ್ಲಿ ಅದು ಹೆದ್ದಾರಿ 75ನ್ನು ಸೇರುತ್ತದೆ. ಸಂಖ್ಯೆಯೇ ಇದನ್ನು ಹೇಳುತ್ತದೆ: ಮೂರಂಕಿಯ ಹೆದ್ದಾರಿಯಲ್ಲಿ ಕೊನೆಯ ಎರಡು ಅಂಕಿ ತಾಯಿರಸ್ತೆಯದು. ಅಂದರೆ 275 ಎಂಬುದು 75ರ ಕವಲು. ಮಾಣಿಯಿಂದ ಮಂಗಳೂರಿಗೆ ಹೋಗಲು ಮೊದಲು 75, ಬಂಟ್ವಾಳದಿಂದ ಮುಂದೆ 73.

ನಮ್ಮದು ಉರ್ದು ಮಾತಾಡುವ ಮನೆ. ದಾದಾ ಈ ರಸ್ತೆಯನ್ನು ‘ಮೈಸೂರ್ ರೋಡ್’ ಎನ್ನುತ್ತಾರೆ, ಸುಳ್ಯದ ನೆಂಟರು ಅದನ್ನೇ ‘ಮಡಿಕೇರಿ ರೋಡ್’ ಎನ್ನುತ್ತಾರೆ. ಮಾತಿಗೆ ಅಷ್ಟು ಸಾಕು, ಅರ್ಜಿಗೆ ಸಾಲದು. ನಮ್ಮ ಬೀದಿಯವರು ಗುಂಡಿಯ ದೂರು ಹಿಡಿದು ಹೋದಾಗ ಎರಡು ಕಚೇರಿಗಳು ‘ಇದು ನಮ್ಮದಲ್ಲ’ ಎಂದವು. ಹೆದ್ದಾರಿಯ ಸಂಖ್ಯೆ ಎಲ್ಲಿ ಮುಗಿಯುತ್ತದೋ ಅಲ್ಲಿ ಜವಾಬ್ದಾರಿಯೂ ಬದಲಾಗಬಹುದು. ಹಳದಿ ತಲೆಯ ಕಿಲೋಮೀಟರ್ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯದ್ದು. ನಾವು ಲೆಕ್ಕಶಾಸ್ತ್ರದಲ್ಲಿ ಆರಂಭದ ಬಾಕಿ ಬರೆಯದೆ ಖಾತೆ ತೆರೆಯುವುದಿಲ್ಲ. ರಸ್ತೆಯ ಕಿಲೋಮೀಟರ್ ಲೆಕ್ಕಕ್ಕೂ ಒಂದು ಆರಂಭ ಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಇದೇ ರಸ್ತೆ ಮುಚ್ಚಿತ್ತು. ಅಂಥ ದಿನ ಸಹಾಯ ಕೇಳುವವರು ‘ಇಷ್ಟನೇ ಕಲ್ಲಿನ ಹತ್ತಿರ’ ಎಂದರೆ, ಎಲ್ಲಿಂದ ಎಣಿಸಿದ್ದು ಎಂದು ಕೇಳುವವರಿಗೂ ತಿಳಿದಿರಬೇಕು.

ಅಮೆರಿಕದ 66ನೇ ಹೆದ್ದಾರಿಯನ್ನು 1985ರಲ್ಲೇ ಪಟ್ಟಿಯಿಂದ ತೆಗೆದರು. ಆದರೂ ಸಾಂಟಾ ಮೋನಿಕಾದಲ್ಲಿ ಅದರ ಕೊನೆಯ ಬೋರ್ಡಿನ ಮುಂದೆ ಜನ ಇಂದಿಗೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಹುಚ್ಚು ಎನ್ನಬಹುದು, ನನಗೆ ಇಷ್ಟ. ನಮ್ಮಲ್ಲಿ 2010ರಲ್ಲಿ ಸಂಖ್ಯೆಗಳೇ ಬದಲಾದವು. ಬೆಂಗಳೂರು–ಮಂಗಳೂರು ರಸ್ತೆ ಆಗ 48 ಆಗಿತ್ತು, ಈಗ 48 ಎಂದರೆ ದೆಹಲಿ–ಚೆನ್ನೈ. ಹಳೆಯ ಬೋರ್ಡುಗಳ ಫೋಟೊ ಉಳಿಸದಿದ್ದರೆ ಈ ಬದಲಾವಣೆಯ ಗುರುತು ಕಡತದಲ್ಲಿ ಮಾತ್ರ ಉಳಿಯುತ್ತದೆ.

ರಜೆಗೆ ಪುತ್ತೂರು, ಮಂಗಳೂರು ಕಡೆ ಹೋಗುವವರು ನಮ್ಮಲ್ಲಿ ಬಹಳ ಮಂದಿ. ಬಸ್ಸು ಮಾಣಿಯಲ್ಲಿ ನಿಂತಾಗ ಒಂದು ಫೋಟೊ ತೆಗೆಯಿರಿ. ಸೆಲ್ಫಿ ಬೇಡ, ಎರಡೂ ರಸ್ತೆ ಮತ್ತು ಬೋರ್ಡು ಕಾಣಬೇಕು. ದಯವಿಟ್ಟು ರಸ್ತೆಯ ಬದಿಯಲ್ಲೇ ನಿಲ್ಲಿ. ದಿನಾಂಕ ಬರೆದು ಕೊಟ್ಟರೆ ಗ್ರಂಥಾಲಯದ ಗೋಡೆಯ ಮೇಲೆ ಒಂದು ನಕ್ಷೆ ಮಾಡೋಣ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ತಪ್ಪಿದ್ದರೆ ಸರಿಪಡಿಸೋಣ. ಬೆಂಗಳೂರಿನ ತುದಿಗೆ ಯಾರು ಹೋಗುತ್ತೀರಿ?