ಮಾಮೂಲ್‌ಪೇಟೆಯೂ ನಮ್ಮ ಮೈಗಳ್ಳತನವೂ

“ಮಾಮೂಲ್‌ಪೇಟೆಯೇ? ಆ ನೂಕುನುಗ್ಗಲಿಗೆ ಯಾರು ಹೋಗುತ್ತಾರೆ!” ಎಂಬ ಮಾತನ್ನು ಬಸವನಗುಡಿ, ಮಲ್ಲೇಶ್ವರಗಳ ವಿದ್ಯಾವಂತ ಗೃಹಸ್ಥರ ಬಾಯಲ್ಲಿ ಈಚೆಗೆ ಅಡಿಗಡಿಗೆ ಕೇಳುತ್ತೇವೆ. ಬಸವನಗುಡಿಯಿಂದ ಅಲ್ಲಿಗೆ ಒಂದು ಹರದಾರಿಯೂ ಆಗದು. ನಡೆಯಲೊಲ್ಲದವರಿಗೆ ೨೦೧೭ರಿಂದ ನ್ಯಾಷನಲ್ ಕಾಲೇಜಿನ ಬಳಿಯಿಂದ ಚಿಕ್ಕಪೇಟೆಗೆ ಮೆಟ್ರೋ ರೈಲೂ ಉಂಟು. ಆದರೂ ನಾವು ಹೊರಡೆವು. ಬೆರಳೊತ್ತಿದರೆ ಪದಾರ್ಥವು ಬಾಗಿಲಿಗೆ ಬರುವಾಗ ಬೆವರೇಕೆ ಎನ್ನುತ್ತೇವೆ.

ಇಕ್ಕಟ್ಟನ್ನು ಹೊಗಳುವುದು ನನ್ನ ಉದ್ದೇಶವಲ್ಲ. ೧೮೯೮ರ ಪ್ಲೇಗು ಪೇಟೆಯ ಇಕ್ಕಟ್ಟಿನಲ್ಲಿಯೇ ಹಬ್ಬಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದೂ ಆ ಭಯದಿಂದಲೇ. ರೋಗಕ್ಕೆ ಅಂಜಿ ಬಯಲಿಗೆ ಬಂದ ಹಿರಿಯರು ವಿವೇಕಿಗಳು. ಹಾಗೆಂದು ಅವರೆಲ್ಲರೂ ತಪಸ್ವಿಗಳಾಗಿದ್ದರೆಂದು ಹೇಳುವುದೂ ಸಲ್ಲದು. ಯಜಮಾನರ ಸುಖದ ಬೆಲೆಯನ್ನು ಅಡುಗೆಮನೆಯ ಹೊಗೆಯಲ್ಲಿ ಹೆಂಗಸರು ತೆತ್ತರು. ಆ ಕಾಲವನ್ನು ಹಾಡಿಹೊಗಳುವ ಗಂಡಸರು ಇದನ್ನು ಬಲು ಸುಲಭವಾಗಿ ಮರೆಯುತ್ತಾರೆ.

ನನ್ನ ಆಕ್ಷೇಪಣೆ ಇಷ್ಟೆ: ಕಷ್ಟವು ಇಂದೂ ಮಾಯವಾಗಿಲ್ಲ, ಕೈ ಬದಲಾಯಿಸಿದೆ. ಪೇಟೆಯಲ್ಲಿ ಹಮಾಲಿಯು ಈಗಲೂ ಮೂಟೆ ಹೊರುತ್ತಾನೆ. ಮಳೆಯಲ್ಲಿ ತೊಯ್ದ ಹುಡುಗನು ಸ್ಕೂಟರಿನಲ್ಲಿ ನಮ್ಮ ಬಾಗಿಲಿಗೆ ಬರುತ್ತಾನೆ. ಐದು ನಿಮಿಷ ತಡವಾದರೆ ಅವನ ಮೇಲೆ ಹರಿಹಾಯುತ್ತೇವೆ. ಒಮ್ಮೆಯಾದರೂ ತುಂಬಿದ ಚೀಲ ಹೊತ್ತು ಆ ಬೀದಿಯನ್ನು ದಾಟಿದವನ ಬಾಯಿಗೆ ಅಂತಹ ಗದರಿಕೆ ಸುಲಭವಾಗಿ ಬಾರದು. ಸಮಯ ಉಳಿಯುತ್ತದೆಯಲ್ಲವೇ ಎಂದು ಕೇಳಬಹುದು. ಉಳಿಯುತ್ತದೆ, ಆ ಸಮಯದಲ್ಲಿ ಹಣ ತೆತ್ತು, ಎಲ್ಲಿಗೂ ಹೋಗದ ಯಂತ್ರವೊಂದರ ಮೇಲೆ ನಡೆಯುತ್ತೇವೆ!

ಗತಿಯಿಲ್ಲದೆ ಪಡುವ ಕಷ್ಟ ಬೇರೆ, ತಾನಾಗಿ ಇರಿಸಿಕೊಳ್ಳುವ ಕಷ್ಟ ಬೇರೆ. ಡಾಕ್ಟರ್ ಎಚ್. ನರಸಿಂಹಯ್ಯನವರು ೧೯೩೦ರ ದಶಕದಲ್ಲಿ, ಹುಡುಗನಾಗಿದ್ದಾಗ, ಓದುವುದಕ್ಕಾಗಿ ಗೌರಿಬಿದನೂರಿನಿಂದ ಬೆಂಗಳೂರಿಗೆ ನಡೆದುಬಂದರು. ಅದು ಬಡತನ, ಯಾವ ಮಗುವಿಗೂ ಬೇಡ. ಆದರೆ ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಪಡೆದು, ೧೯೭೨ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದ ಅದೇ ಮಹನೀಯರು ಬಾಳಿನ ಬಹುಭಾಗವನ್ನು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಕಳೆದರಲ್ಲ, ಅದನ್ನು ಬಡತನವೆನ್ನಲಾದೀತೇ? ಹುಡುಗರ ಕೊರತೆಗಳನ್ನು ಅವರಿಗೆ ಯಾರೂ ವರದಿಮಾಡಬೇಕಾಗಿರಲಿಲ್ಲ.

ವೃದ್ಧರಿಗೂ ರೋಗಿಗಳಿಗೂ ಈ ಮಾತು ಅನ್ವಯಿಸದು. ಹಮಾಲಿಗೆ ಕಷ್ಟಸಹಿಷ್ಣುತೆಯನ್ನು ಉಪದೇಶಿಸುವುದಂತೂ ನಾಚಿಕೆಗೇಡು. ಗಟ್ಟಿಮುಟ್ಟಾಗಿರುವ ನಾವು, ಬರುವ ಗೌರಿಹಬ್ಬದ ಸಾಮಾನಿಗಾದರೂ ಮಕ್ಕಳ ಕೈಗೊಂದು ಚೀಲ ಕೊಟ್ಟು ಅಲ್ಲಿಗೆ ನಡೆದು ಹೋಗಬಾರದೇಕೆ?