ಹೆಸರಿಲ್ಲದ ಜೀವಕ್ಕೆ ಸಾಕ್ಷಿ ಯಾರು?

ಉಡುಪಿ ಜಿಲ್ಲೆಯ ಮಣಿಪಾಲದ ಸುತ್ತಮುತ್ತ ಮುರಕಲ್ಲಿನ ಬಯಲುಗಳು ಹರಡಿಕೊಂಡಿವೆ. ಬೇಸಗೆಯಲ್ಲಿ ಕಾದ ಹಂಚಿನಂತೆ ಸುಡುವ ಆ ನೆಲದಲ್ಲಿ ಹುಲ್ಲುಕಡ್ಡಿಯೂ ಒಣಗಿ ನಿಲ್ಲುತ್ತದೆ. ಕಲ್ಲು ಕಡಿಯುವವನಿಗೆ ಅದು ಕಟ್ಟಡದ ಸಾಮಗ್ರಿ. ಲೆಕ್ಕದ ಪುಸ್ತಕಕ್ಕೆ ಪಾಳುಭೂಮಿ. ಆದರೆ ಮಳೆಗಾಲ ಕಾಲಿಟ್ಟಿತೆಂದರೆ ಅದೇ ಬಂಡೆಯ ಕುಳಿಗಳಲ್ಲಿ ನೀರು ನಿಂತು, ಸುತ್ತಲೂ ಹಸಿರು ಚಿಗುರಿ, ಇರುಳಿನಲ್ಲಿ ಸಣ್ಣ ದನಿಯೊಂದು ಎಡೆಬಿಡದೆ ಕೇಳತೊಡಗುತ್ತದೆ. ಕೇಳಿದವರು ಅದನ್ನು ಜೀರುಂಡೆಯೆಂದು ಬಗೆದು ಮುಂದೆ ಸಾಗಿಬಿಡುವುದು ಸಹಜ. ಅದು ಜೀರುಂಡೆಯಲ್ಲ, ಕಪ್ಪೆ! ಅದರ ಮೈಯ ಉದ್ದ ಸುಮಾರು 1.6 ಸೆಂಟಿಮೀಟರು, ಹೆಬ್ಬೆರಳಿನ ಉಗುರಿನ ಮೇಲೆ ಕೂರಬಲ್ಲಷ್ಟು.

2013ರಿಂದ 2015ರವರೆಗೆ ಆ ಭಾಗದಲ್ಲಿ ಕಪ್ಪೆಗಳ ಸಮೀಕ್ಷೆ ನಡೆಸಿದ ಕೆ. ಎಸ್. ಶೇಷಾದ್ರಿ ಮತ್ತು ಅವರ ಸಂಗಡಿಗರು, ಇದು ವಿಜ್ಞಾನಕ್ಕೆ ಅದುವರೆಗೆ ಪರಿಚಯವೇ ಇಲ್ಲದ ಪ್ರಭೇದವೆಂದು 2016ರಲ್ಲಿ ಪ್ರಕಟಿಸಿದರು. ನೆಲೆಯ ಹೆಸರನ್ನೇ ಕಪ್ಪೆಗೂ ಕೊಟ್ಟು ‘ಮೈಕ್ರೊಹೈಲ ಲ್ಯಾಟರೈಟ್’ ಎಂದು ಕರೆದರು. ಅದರ ಮೈಯನ್ನು ಅಳೆದು, ಕೂಗನ್ನು ಮುದ್ರಿಸಿಕೊಂಡು, ಡಿ.ಎನ್.ಎ.ಯನ್ನು ಹತ್ತಿರದ ಬಂಧುಗಳ ಡಿ.ಎನ್.ಎ.ಯೊಡನೆ ಹೋಲಿಸಿ ನೋಡಿದ ಮೇಲೆಯೇ ಈ ತೀರ್ಮಾನಕ್ಕೆ ಬಂದದ್ದು. ಇದು ಸಿಕ್ಕಿದ್ದು ಹುಲಿ ಕಾದಿರುವ ಅಭಯಾರಣ್ಯದಲ್ಲಲ್ಲ, ಮನುಷ್ಯರು ದಿನನಿತ್ಯ ಓಡಾಡುವ ಎಡೆಯಲ್ಲಿ ಎಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

ಹೆಸರಿನಲ್ಲಿ ಏನಿದೆ ಎಂದು ಯಾರಾದರೂ ಕೇಳಬಹುದು. ಹೆಸರಿಲ್ಲದಿದ್ದರೂ ಕಪ್ಪೆ ಕೂಗುತ್ತಲೇ ಇತ್ತಲ್ಲವೆ? ಕೂಗುತ್ತಿತ್ತು, ನಿಜ. ಆದರೆ ಆ ಬಯಲನ್ನು ಅಗೆದು ಸಮಮಾಡುವ ದಿನ ಬಂದಾಗ ಅದರ ಪರವಾಗಿ ಸಾಕ್ಷಿ ಹೇಳುವವರು ಯಾರು? ದಾಖಲೆಯಲ್ಲಿ ಇಲ್ಲದ ಜೀವಿಗೆ ನ್ಯಾಯಸ್ಥಾನದಲ್ಲಿಯೂ ಇಲ್ಲ, ಯೋಜನೆಯ ಕಡತದಲ್ಲಿಯೂ ಇಲ್ಲ ಜಾಗ. ಒಂದು ಪ್ರದೇಶದ ಜೀವಸಂಪತ್ತನ್ನು ಪಟ್ಟಿಮಾಡುವ ಕೆಲಸಕ್ಕೆ ಇಷ್ಟೊಂದು ಮಹತ್ವ ಬಂದಿರುವುದು ಈ ಕಾರಣದಿಂದಲೇ.

ಈ ಕೆಲಸ ನಮ್ಮ ದೇಶದಲ್ಲಿ ಹೊಸದೇನೂ ಅಲ್ಲ. 1883ರಲ್ಲಿ ಮುಂಬಯಿಯ ಎಂಟು ಮಂದಿ ನಿಸರ್ಗಾಸಕ್ತರು ಒಂದೆಡೆ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ತಾವು ಕಂಡದ್ದನ್ನು ಒಬ್ಬರಿಗೊಬ್ಬರು ತಿಳಿಸುವುದು, ಸಂಗ್ರಹಿಸಿದ ಮಾದರಿಗಳನ್ನು ತೋರಿಸುವುದು, ಇವೇ ಅವರ ಉದ್ದೇಶಗಳು. ಆ ಎಂಟು ಮಂದಿಯಲ್ಲಿ ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರೂ ಇದ್ದರು. 1886ರಿಂದ ಸೊಸೈಟಿಯ ಪತ್ರಿಕೆ ಹೊರಬಂದಿತು. ಮೈಸೂರು ಸಂಸ್ಥಾನದಲ್ಲಿ ಸಲೀಂ ಅಲಿಯವರು 1939-40ರಲ್ಲಿ ನಡೆಸಿದ ಪಕ್ಷಿಸಮೀಕ್ಷೆಯ ವಿವರಗಳು ಅದೇ ಪತ್ರಿಕೆಯಲ್ಲಿ ಅಚ್ಚಾದವು. ಸಸ್ಯಗಳ ವಿಷಯಕ್ಕೆ ಬಂದರೆ, ಪಾದ್ರಿ ಸೆಸಿಲ್ ಸಲ್ಡಾನ್ಹಾ ಅವರು ಡಾನ್ ನಿಕಲ್ಸನ್ ಅವರೊಡನೆ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ 1976ರಲ್ಲಿ ಬೆಳಕು ಕಂಡಿತು.

ಇವೆಲ್ಲ ಪರಿಶ್ರಮದ ಫಲಗಳು. ಆದರೆ ಆ ಜ್ಞಾನ ಇದ್ದದ್ದು ದೊಡ್ಡ ನಗರಗಳ ಗ್ರಂಥಾಲಯಗಳಲ್ಲಿ, ಬೆಲೆಯುಳ್ಳ ಸಂಪುಟಗಳಲ್ಲಿ. ಸಕಲೇಶಪುರದ ಶಾಲೆಯ ಉಪಾಧ್ಯಾಯರೊಬ್ಬರಿಗೆ ತಮ್ಮ ಹಿತ್ತಿಲ ಗಿಡದ ಶಾಸ್ತ್ರೀಯ ಹೆಸರು ಬೇಕಾದರೆ ಬೆಂಗಳೂರಿಗೆ ಪಯಣಿಸಬೇಕಾಗಿತ್ತು. ಉಪಾಧ್ಯಾಯರು ಬಲ್ಲ ಸಂಗತಿಯೂ, ಅಂದರೆ ಆ ಗಿಡ ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವ ಚಿಟ್ಟೆ ಅದರ ಮೇಲೆ ಮೊಟ್ಟೆಯಿಡುತ್ತದೆ ಎಂಬುದೂ, ವಿದ್ವಾಂಸರಿಗೆ ತಲಪುತ್ತಿರಲಿಲ್ಲ. ನಷ್ಟ ಎರಡೂ ಕಡೆಗೆ.

ಇಂದು ಈ ಅಂತರ ಕಡಿಮೆಯಾಗುತ್ತಿರುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಸಭೆಗಳ ಸ್ವರೂಪದಲ್ಲಿ ಆಗಿರುವ ಬದಲಾವಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ವಿ. ರಾಮಚಂದ್ರ ಅವರ ನೇತೃತ್ವದ ತಂಡವು ಕೆರೆ ಮತ್ತು ಜೌಗು ನೆಲೆಗಳನ್ನು ಕುರಿತು ‘ಲೇಕ್’ ಎಂಬ ಸಮ್ಮೇಳನವನ್ನು ಎರಡು ವರ್ಷಗಳಿಗೊಮ್ಮೆ ನಡೆಸುತ್ತ ಬಂದಿದೆ. 2016 ಮತ್ತು 2018ರಲ್ಲಿ ಅದು ಸೇರಿದ್ದು ರಾಜಧಾನಿಯಲ್ಲಲ್ಲ, ಮೂಡಬಿದಿರೆಯಲ್ಲಿ. ಅಲ್ಲಿ ಸಂಶೋಧಕರ ಜತೆಗೆ ಶಾಲಾಕಾಲೇಜುಗಳ ವಿದ್ಯಾರ್ಥಿಗಳೂ ತಮ್ಮ ಊರಿನ ನೀರು, ಪಕ್ಷಿ, ಸಸ್ಯಗಳ ಬಗ್ಗೆ ಪ್ರಬಂಧ ಓದುತ್ತಾರೆ. ವೇದಿಕೆಯ ಮೇಲೆ ನಿಂತು ತನ್ನೂರ ಕೆರೆಯ ವಿಷಯ ಹೇಳುವ ಹುಡುಗಿಗೆ ಹಿರಿಯ ವಿಜ್ಞಾನಿಯೊಬ್ಬರು “ಯಾವ ತಿಂಗಳಲ್ಲಿ ಎಣಿಸಿದೆಯಮ್ಮ?” ಎಂದು ಕೇಳಿದರೆ, ಆ ಒಂದು ಪ್ರಶ್ನೆಯಿಂದ ಅವಳು ಕಲಿಯುವುದು ಪಾಠಪುಸ್ತಕದ ಹಲವು ಪುಟಗಳಿಗೆ ಸಮನಲ್ಲವೆ?

ಎರಡನೆಯ ಕಾರಣ ಅಂತರ್ಜಾಲ. 2008ರಲ್ಲಿ ಆರಂಭವಾದ ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’ ಎಂಬ ತಾಣದಲ್ಲಿ ಯಾರು ಬೇಕಾದರೂ ತಾವು ಕಂಡ ಜೀವಿಯ ಛಾಯಾಚಿತ್ರವನ್ನು, ಕಂಡ ಸ್ಥಳ ಮತ್ತು ದಿನಾಂಕದೊಡನೆ ಸೇರಿಸಬಹುದು. ಹೆಸರು ತಿಳಿಯದಿದ್ದರೂ ಬಾಧಕವಿಲ್ಲ. ಬಲ್ಲವರು ಹೆಸರು ಸೂಚಿಸುತ್ತಾರೆ, ಬೇರೆಯವರು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯವು ಕರ್ನಾಟಕದ ಸಸ್ಯಗಳ ವಿವರಗಳನ್ನೂ ಚಿತ್ರಗಳನ್ನೂ ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಚಿಟ್ಟೆಗಳಿಗಾಗಿ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಎಂಬ ತಾಣವಿದೆ. ಸಕಲೇಶಪುರದ ಉಪಾಧ್ಯಾಯರು ಇಂದು ಬೆಂಗಳೂರಿಗೆ ಪಯಣಿಸಬೇಕಾಗಿಲ್ಲ.

ಪಕ್ಷಿವೀಕ್ಷಕರ ಉದಾಹರಣೆಯಂತೂ ಇನ್ನೂ ಸ್ವಾರಸ್ಯಕರ. ಅಮೆರಿಕದ ಕಾರ್ನೆಲ್ ಪಕ್ಷಿಸಂಸ್ಥೆ ಮತ್ತು ಆಡುಬಾನ್ ಸೊಸೈಟಿ 2002ರಲ್ಲಿ ಆರಂಭಿಸಿದ ‘ಇಬರ್ಡ್’ ಎಂಬ ವ್ಯವಸ್ಥೆಯಲ್ಲಿ ವೀಕ್ಷಕನು ತಾನು ಎಷ್ಟು ಹೊತ್ತು ನೋಡಿದೆ, ಯಾವ ಯಾವ ಪಕ್ಷಿ ಕಂಡೆ ಎಂಬ ಪೂರ್ಣ ಪಟ್ಟಿ ಕೊಡುತ್ತಾನೆ. ಪಟ್ಟಿ ಪೂರ್ಣವಾಗಿದ್ದರೆ ಕಾಣದ ಪಕ್ಷಿಯೂ ಸುದ್ದಿಯೇ ಆಗುತ್ತದೆ. ನೂರು ಮಂದಿ ನೂರು ಬೆಳಗು ನೋಡಿಯೂ ಒಂದು ಹಕ್ಕಿ ಸಿಗುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ ಅದು ಕ್ಷೀಣಿಸುತ್ತಿದೆ ಎಂದು ಲೆಕ್ಕ ಹಾಕಬಹುದು.

ಹೀಗೆ ಕೂಡಿದ ಹನಿಗಳು ಹಳ್ಳವಾದುದಕ್ಕೆ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಗಳೇ ಸಾಕ್ಷಿ. ಮೊದಲನೆಯದು 2020ರ ಫೆಬ್ರವರಿಯಲ್ಲಿ, ವಲಸೆ ಹೋಗುವ ಜೀವಿಗಳ ರಕ್ಷಣೆಗಾಗಿ ಗಾಂಧಿನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಬಿಡುಗಡೆಯಾಯಿತು. 2023ರ ಎರಡನೆಯ ವರದಿಗೆ ಆಧಾರವಾದದ್ದು 30,000ಕ್ಕೂ ಮಿಕ್ಕ ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳು. ಅವರಲ್ಲಿ ಬಹುಮಂದಿ ವೃತ್ತಿಯಿಂದ ವಿಜ್ಞಾನಿಗಳಲ್ಲ. ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿ 178ಕ್ಕೆ ಹೆಚ್ಚಿನ ಗಮನ ಅಗತ್ಯವೆಂದು ಸೂಚಿಸಿತು.

ಗುಬ್ಬಚ್ಚಿ ಎಲ್ಲ ಕಡೆಯೂ ಅಳಿದುಹೋಗುತ್ತಿದೆ ಎಂಬುದು ಜನಜನಿತ ನಂಬಿಕೆ. 2020ರ ವರದಿಯಂತೆ ಮಹಾನಗರಗಳಲ್ಲಿ ಅದು ಕಡಿಮೆಯಾಗಿರುವುದು ನಿಜವಾದರೂ, ಇಡೀ ದೇಶದ ಲೆಕ್ಕದಲ್ಲಿ ಅದರ ಸ್ಥಿತಿ ಬಹುಮಟ್ಟಿಗೆ ಸ್ಥಿರವಾಗಿದೆ. ಯಾರೂ ಚಿಂತಿಸದ ನೀಲಕಂಠದ ಗತಿಯಾದರೋ ಬೇರೆ. ಕರ್ನಾಟಕದ ರಾಜ್ಯಪಕ್ಷಿಯೂ ಆದ ಈ ಹಕ್ಕಿ ಇಳಿಮುಖವಾಗಿದೆಯೆಂದೂ, ಅದರ ಅಪಾಯದ ಮಟ್ಟವನ್ನು ಜಾಗತಿಕವಾಗಿ ಮತ್ತೊಮ್ಮೆ ಅಳೆಯಬೇಕೆಂದೂ 2023ರ ವರದಿ ಶಿಫಾರಸು ಮಾಡಿತು. ತಂತಿಯ ಮೇಲೆ ಕುಳಿತ ಹಕ್ಕಿಯನ್ನು ದಿನವೂ ಕಾಣುವವರಿಗೆ ಅದು ಕಡಿಮೆಯಾಗುವುದು ತಿಳಿಯುವುದಿಲ್ಲ. ಬರೆದಿಟ್ಟವರಿಗೆ ಮಾತ್ರ ತಿಳಿಯುತ್ತದೆ.

ಇಷ್ಟಾದರೂ ಛಾಯಾಚಿತ್ರಗಳ ರಾಶಿಯೇ ವಿಜ್ಞಾನವೆಂದು ಭ್ರಮಿಸಲಾಗದು. ತಪ್ಪು ಹೆಸರು ಒಮ್ಮೆ ಸೇರಿಕೊಂಡರೆ ಹತ್ತು ಕಡೆ ಹಬ್ಬುತ್ತದೆ. ಹೊಸ ಪ್ರಭೇದವನ್ನು ಸ್ಥಾಪಿಸಲು ಇಂದಿಗೂ ಮಾದರಿ ಬೇಕು, ಅಳತೆ ಬೇಕು, ಹೋಲಿಕೆ ಬೇಕು, ಪರಿಣತನ ಕಣ್ಣು ಬೇಕು. ದಾಖಲೆಗಳು ನಗರಗಳ ಸುತ್ತಲೂ ರಸ್ತೆಗಳ ಬದಿಯಲ್ಲೂ ದಟ್ಟವಾಗಿ, ದೂರದ ಊರುಗಳಲ್ಲಿ ತೆಳುವಾಗಿರುತ್ತವೆ. ಖಾಲಿ ಕಂಡ ಜಾಗದಲ್ಲಿ ಜೀವಿಗಳಿಲ್ಲವೆಂದಲ್ಲ, ನೋಡುವವರಿಲ್ಲವೆಂದು ಅರ್ಥಮಾಡಿಕೊಳ್ಳಬೇಕು. ಮತ್ತೊಂದು ಅಪಾಯವೂ ಉಂಟು: ಅಪರೂಪದ ಪ್ರಾಣಿಯ ನೆಲೆಯನ್ನು ಸಾರಿ ಹೇಳಿದರೆ ಬೇಟೆಗಾರನಿಗೂ ದಾರಿ ತೋರಿಸಿದಂತೆ. ಆದುದರಿಂದ ಜವಾಬ್ದಾರಿಯುತ ತಾಣಗಳು ಅಂತಹ ಪ್ರಭೇದಗಳ ನಿಖರ ಸ್ಥಳವನ್ನು ಸಾರ್ವಜನಿಕರಿಂದ ಮರೆಮಾಡುತ್ತವೆ.

ಈ ಜ್ಞಾನಕ್ಕೆ ಕಾನೂನಿನ ಆಸರೆಯೂ ಇದೆ. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಆ ಸಮಿತಿಯು ಊರವರ ನೆರವಿನಿಂದ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಈ ಕಲ್ಪನೆಯನ್ನು ಬೆಳೆಸಿದವರಲ್ಲಿ ಪ್ರಮುಖರು ಮಾಧವ ಗಾಡ್ಗೀಳ್. ಹಳ್ಳಿಯ ವೈದ್ಯನಿಗೆ, ಬೆಸ್ತನಿಗೆ, ಕುರಿಗಾಹಿಗೆ ತಿಳಿದ ಸಂಗತಿಗಳು ಆ ಪುಸ್ತಕದಲ್ಲಿ ಸೇರಬೇಕೆಂಬುದು ಅದರ ಆಶಯ. ಸಭೆಯಲ್ಲಿ ಕೇಳಿದ್ದು, ಅಂತರ್ಜಾಲದಲ್ಲಿ ತಿದ್ದಿಸಿಕೊಂಡದ್ದು ಕೊನೆಗೆ ಬಂದು ನೆಲೆಸಬೇಕಾದ ಸ್ಥಾನವೂ ಅದೇ.

ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಒಂದು ಕಪ್ಪೆ ತನ್ನ ಮೊಟ್ಟೆಗಳಿಗೆ ಮುಂಗಾಲುಗಳಿಂದ ಕೆಸರು ಮೆತ್ತುತ್ತದೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದಕ್ಕಿಟ್ಟ ವೈಜ್ಞಾನಿಕ ಹೆಸರಿನಲ್ಲಿ ‘ಕುಂಬಾರ’ ಎಂಬ ಕನ್ನಡ ಪದವೇ ಇದೆ. ಜಗತ್ತಿನ ಯಾವ ಮೂಲೆಯ ವಿದ್ವಾಂಸನಾದರೂ ಇನ್ನು ಆ ಕಪ್ಪೆಯನ್ನು ಕನ್ನಡದಲ್ಲೇ ಕರೆಯಬೇಕು.

ಮುರಕಲ್ಲಿನ ಬಯಲು ಇಂದಿಗೂ ಕಡತಗಳಲ್ಲಿ ಪಾಳುಭೂಮಿಯಾಗಿ ಉಳಿಯಬಹುದು. ಆದರೆ ಅಲ್ಲೊಂದು ಜೀವ ವಾಸಿಸುತ್ತದೆ ಎಂಬ ಲಿಖಿತ ಸಾಕ್ಷ್ಯ ಈಗ ಇದೆ. ಇಂತಹ ಸಾಕ್ಷ್ಯ ಇನ್ನೆಷ್ಟು ಬಯಲುಗಳಿಗೆ, ಕೆರೆಯಂಗಳಗಳಿಗೆ, ಗೋಮಾಳಗಳಿಗೆ ಬೇಕಾಗಿದೆಯೋ! ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋಗುವ ಕುಟುಂಬದವರು ಒಂದು ಟಿಪ್ಪಣಿಪುಸ್ತಕವನ್ನು ಜತೆಗೆ ಒಯ್ದು, ಕಂಡದ್ದನ್ನು ಸ್ಥಳ ದಿನಾಂಕಗಳೊಡನೆ ಬರೆದಿಡುವ ಅಭ್ಯಾಸ ಮಾಡಿದರೆ ಸಾಕು. ಆ ಸಾಕ್ಷಿಗಳ ಸಾಲಿನಲ್ಲಿ ಅವರ ಹೆಸರೂ ಸೇರುತ್ತದೆ.